ನೀಲಿ ಮುಚ್ಚಳದ ಡಬ್ಬಿ

ತಿಕೋಟಾ
9 ಜೂನ್ 2025

ಇವರಿಗೆ ನಮಸ್ಕಾರ.

ನಿಮ್ಮನ್ನು ಕರೆದುಕೊಂಡು ಹೋಗಿ ಇವತ್ತಿಗೆ ಐದು ತಿಂಗಳಾಯಿತು. ವಿಜಯಪುರದ ಜೈಲು ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ, ಆದರೂ ಏಕೆ ಬರುವುದಿಲ್ಲ ಎಂದು ಸುಭಾಷನ ಹತ್ತಿರ ಕೇಳಿಸಿದ್ದೀರಿ. ನಿಮ್ಮ ತಮ್ಮನಿಗೆ ಹೇಳದ್ದನ್ನು ನಿಮಗೆ ಬರೆಯುತ್ತೇನೆ. ಒಮ್ಮೆ ಬಂದಾಗ ಜಾಳಿಗೆಯ ಆ ಕಡೆ ನೀವು, ಈ ಕಡೆ ನಾನು, ಎಡಬಲಕ್ಕೆ ಹತ್ತಿಪ್ಪತ್ತು ಜನ ಒಟ್ಟಿಗೆ ಒದರುತ್ತಿದ್ದರು. ನಿಮ್ಮ ಒಂದು ಮಾತೂ ನನಗೆ ಕೇಳಲಿಲ್ಲ. ಕೇಳಿದವಳಂತೆ ತಲೆ ಅಲ್ಲಾಡಿಸಿ ಬಂದೆ. ಇನ್ನೊಮ್ಮೆ ಹಾಗೆ ತಲೆ ಅಲ್ಲಾಡಿಸುವುದು ನನ್ನಿಂದಾಗದು. ಕಾಗದ ಬರೆಯುತ್ತೇನೆ, ನೀವೂ ಬರೆಯಿರಿ.

ಐಶ್ವರ್ಯ ನಾಲ್ಕನೇ ಇಯತ್ತೆಗೆ ಹೋಗುತ್ತಿದ್ದಾಳೆ. ಸಾಲೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ ಎಂದು ಹೇಳುತ್ತಾಳೆ. ನಾನು ನಂಬಿದಂತೆ ಮಾಡುತ್ತೇನೆ.

ನೀವು ಹವಳ ಸಾಕುವ ಗಾಜಿನ ತೊಟ್ಟಿ ಚೆನ್ನಾಗಿದೆ. ನೀವು ಹೋದ ಮೇಲೆ ಅದು ಪಡಸಾಲೆಯಲ್ಲಿ ಹಸಿರುಗಟ್ಟಿ ನಿಂತಿತ್ತು. ನಿಮಗೆ ಅದನ್ನು ಮಾರಿದ ರಿಜ್ವಾನ ವಿಜಯಪುರದಿಂದ ಬಂದು ಎಲ್ಲ ಕಲಿಸಿಕೊಟ್ಟ. ಈಗ ವಾರಕ್ಕೆ ಎರಡು ಸಲ ನೀರು ಬದಲಿಸುತ್ತೇನೆ, ಕಲ್ಲುಗಳನ್ನು ಬ್ರಶ್ಶಿನಿಂದ ಉಜ್ಜುತ್ತೇನೆ, ಗಾಜು ದಿನಾ ಒರೆಸುತ್ತೇನೆ. ನಿನ್ನೆ ನೀರು ಪರೀಕ್ಷೆ ಮಾಡಿದೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಈ ಮನೆಯಲ್ಲಿ ಒಂದಾದರೂ ಶುದ್ಧವಾಗಿ ಉಳಿದಿದೆಯಲ್ಲ ಎಂದು ಸಮಾಧಾನವಾಯಿತು.

ವಕೀಲರು ಬಂದಿದ್ದರು. ನಿಮ್ಮ ಕಡೆಯ ಸಾಕ್ಷಿಯಾಗಿ ನಾನು ನಿಲ್ಲಬೇಕಂತೆ. ನಮ್ಮ ಗೊಬ್ಬರದ ಅಂಗಡಿಯಲ್ಲಿ ಕಂಪನಿಯ ಸೀಲು ಇದ್ದ ಪೊಟ್ಟಣ ಬಿಟ್ಟು ಬಿಡಿ ಪುಡಿ ಎಂದೂ ಮಾರಿಲ್ಲ, ಬಿಜ್ಜರಗಿಯ ಶಂಕ್ರೆಪ್ಪ ಯಾವುದರಿಂದ ಸತ್ತನೋ ಅದು ನಮ್ಮ ಅಂಗಡಿಯದಲ್ಲ ಎನ್ನಬೇಕಂತೆ. ಆಗಲಿ ಎಂದಿದ್ದೇನೆ.

ನಿಮ್ಮ ವಿದ್ಯಾವತಿ


ವಿಜಯಪುರ ಜೈಲು
16 ಜೂನ್ 2025

ವಿದ್ಯಾಗೆ ಆಶೀರ್ವಾದ.

ಮೊದಲನೆಯ ಮಾತು. ಇಲ್ಲಿ ಪತ್ರಗಳನ್ನು ಓದಿ, ಠಸ್ಸೆ ಒತ್ತಿ, ಆಮೇಲೆ ಕೊಡುತ್ತಾರೆ. ಕೇಸಿನ ಸುದ್ದಿ ಬರೆಯಬೇಡ. ಮನೆಯದು ಬರಿ, ಮಗಳದು ಬರಿ, ತೊಟ್ಟಿಯದು ಬರಿ.

ಎರಡನೆಯದು. ಸೊನ್ನೆ ಸೊನ್ನೆ ಎಂದು ಹಬ್ಬ ಮಾಡಿದ್ದೀಯಲ್ಲ, ಓದಿ ಹಣೆ ಚಚ್ಚಿಕೊಂಡೆ. ಹವಳ ಗಿಡವಲ್ಲ, ಕಲ್ಲೂ ಅಲ್ಲ, ಅದು ಪ್ರಾಣಿ. ಅದರ ಮೈಯೊಳಗೆ ಸಣ್ಣ ಪಾಚಿ ಇರುತ್ತದೆ. ಆ ಪಾಚಿ ಬೆಳಕು ತಿಂದು ಹವಳಕ್ಕೆ ಉಣ್ಣಿಸುತ್ತದೆ. ಪಾಚಿಗೆ ಬೇಕಾದದ್ದು ನೈಟ್ರೇಟ್ ಮತ್ತು ಫಾಸ್ಫೇಟ್. ಅವು ಹೆಚ್ಚಾದರೆ ತೊಟ್ಟಿ ತುಂಬ ಹಸಿರು ಕೊಳೆ, ಸೊನ್ನೆಯಾದರೆ ಹವಳಕ್ಕೆ ಉಪವಾಸ. ನೈಟ್ರೇಟ್ ಐದರಿಂದ ಹತ್ತು ಇರಬೇಕು. ಫಾಸ್ಫೇಟ್ ಕೂದಲೆಳೆಯಷ್ಟು, ಆದರೆ ಇರಲೇಬೇಕು. ಹೊಸಬರು ಮಾಡುವ ತಪ್ಪೇ ಇದು. ನೀರು ಸ್ವಚ್ಛವಾದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ.

ನಿನ್ನ ತೊಳೆಯುವ ಚಟ ನನಗೆ ಗೊತ್ತಿಲ್ಲವೇ? ಮದುವೆಯಾಗಿ ಬಂದ ವಾರದಲ್ಲೇ ನನ್ನ ತಕ್ಕಡಿಯ ಕಲ್ಲುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದವಳು ನೀನು. ತೊಟ್ಟಿಯ ಮುಂದೆ ಕೈ ಕಟ್ಟಿ ಕೂಡು. ಕಲ್ಲು ಉಜ್ಜಬೇಡ. ನೀರು ಹದಿನೈದು ದಿನಕ್ಕೊಮ್ಮೆ. ಫಿಲ್ಟರಿನಲ್ಲಿ ಕೆಂಪು ಕಾಳಿನ ಚೀಲವಿದೆ, ಅದು ಫಾಸ್ಫೇಟ್ ಹೀರುತ್ತದೆ, ತೆಗೆದು ಬಿಸಾಡು. ಮೀನಿಗೆ ಎರಡು ಹೊತ್ತು ತಿನ್ನಲು ಹಾಕು. ಅದರ ಹೊಲಸೇ ಹವಳದ ಊಟ.

ಸುತ್ತಲಿನ ದ್ರಾಕ್ಷಿತೋಟದವರೆಲ್ಲ ಗೊಬ್ಬರಕ್ಕೆ ನನ್ನ ಮಾತು ಕೇಳುತ್ತಿದ್ದರು. ನನ್ನ ಮನೆಯ ತೊಟ್ಟಿಯೇ ಹಸಿದು ಸತ್ತರೆ ಮೂರು ಕಾಸಿನ ಮರ್ಯಾದೆ ಉಳಿಯುವುದಿಲ್ಲ. ಐಶೂಗೆ ಮುತ್ತು.

ನಿನ್ನ ಸತೀಶ


ತಿಕೋಟಾ
28 ಜುಲೈ 2025

ಇವರಿಗೆ ನಮಸ್ಕಾರ.

ಆರು ವಾರ ಬರೆಯಲಿಲ್ಲ, ಬೈಯಬೇಡಿ. ತೊಟ್ಟಿಯ ಸುದ್ದಿ ಬರಿ ಎಂದಿರಿ, ಒಳ್ಳೆಯ ಸುದ್ದಿ ಇರಲಿಲ್ಲ. ಮರಳಿನ ಮೇಲೆ ಕಂದು ಬಣ್ಣದ ಲೋಳೆ ಹಬ್ಬಿ ಗುಳ್ಳೆ ಏಳುತ್ತಿತ್ತು. ರಿಜ್ವಾನ ಬಂದು ನೋಡಿ, ನೀವು ಹೇಳಿದ್ದನ್ನೇ ಹೇಳಿದ. ನೀರಿನಲ್ಲಿ ಏನೂ ಇಲ್ಲದಾಗ ಬರುವ ರೋಗ ಇದು ಎಂದ. ಕೆಂಪು ಕಾಳು ತೆಗೆದಿದ್ದೇನೆ. ಉಜ್ಜುವುದು ಬಿಟ್ಟಿದ್ದೇನೆ. ಸುಮ್ಮನೆ ಕುಳಿತು ಹೊಲಸು ನೋಡುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಯದು.

ಐಶೂ ಕೆಂಪು ಪಟ್ಟೆಯ ಸೀಗಡಿಗೆ ಕಂಡಕ್ಟರ್ ಎಂದು ಹೆಸರಿಟ್ಟಿದ್ದಾಳೆ. ಮೀನಿನ ಮೈಮೇಲೆ ಹತ್ತಿ ಇಳಿದು ಎಲ್ಲರನ್ನೂ ತಪಾಸಣೆ ಮಾಡುತ್ತದಂತೆ. ಅದು ಅವಳ ಬೆರಳಿನ ಮೇಲೂ ಹತ್ತುತ್ತದೆ.

ಇನ್ನೊಂದು ಸುದ್ದಿ. ಇದು ಕೇಸಿನದಲ್ಲ, ಬಸ್ಸಿನದು. ಮೊನ್ನೆ ತಿಕೋಟಾ ಸ್ಟ್ಯಾಂಡಿನಲ್ಲಿ ಬಬಲೇಶ್ವರಕ್ಕೆ ಹೋಗಲು ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕುಳಿತಳು. ಶಂಕ್ರೆಪ್ಪನ ಹೆಂಡತಿ ಗುರುಬಸವ್ವ. ಎದ್ದು ಹೋಗೋಣ ಎಂದುಕೊಂಡೆ. ಅವಳು ಬೈಯಲಿಲ್ಲ. ಎದುರಿನ ಗೋಡೆ ನೋಡುತ್ತ ಮೆಲ್ಲಗೆ ಹೇಳಿದಳು.

"ನಿಮ್ಮ ಅಂಗಡ್ಯಾಗಿಂದ ಗೊಬ್ಬರ ತಂದೇನಿ ಅಂದ್ರು ಅಕ್ಕಾರ. ಬಕೀಟನ್ಯಾಗ ಕೈ ಹಾಕಿ ಕಲಿಸಿದ್ರಂತ. ಅದ ಕೈಲೆ ತಂಬಾಕ ತಿಕ್ಕಿ ಬಾಯಾಗ ಇಟ್ಕೊಂಡ್ರಂತ. ದಿನಾ ಹಂಗ ಮಾಡತಿದ್ರು."

ಅಷ್ಟು ಹೇಳಿ ತನ್ನ ಬಸ್ಸು ಬಂತೆಂದು ಎದ್ದು ಹೋದಳು. ನಾನು ಬಬಲೇಶ್ವರಕ್ಕೆ ಹೋಗಲಿಲ್ಲ. ತವರಿನಲ್ಲಿ ಅವ್ವ ಊಟಕ್ಕೆ ಕಾದಿದ್ದಳಂತೆ.

ವಿದ್ಯಾವತಿ


ವಿಜಯಪುರ ಜೈಲು
6 ಆಗಸ್ಟ್ 2025

ವಿದ್ಯಾ,

ಆ ಹೆಂಗಸಿನ ಜೊತೆ ಮಾತಾಡಬೇಡ. ಅವರ ವಕೀಲರೇ ಕಳಿಸಿರುತ್ತಾರೆ. ನಿನ್ನ ಬಾಯಿಂದ ಒಂದು ಮಾತು ಜಾರಲಿ ಎಂದು ಕಾಯುತ್ತಿರುತ್ತಾರೆ. ಬಸ್ಸಿನಲ್ಲಿ ಹೋಗುವುದಾದರೆ ಐಶೂಳನ್ನು ಕರೆದುಕೊಂಡು ಹೋಗು, ಯಾರೂ ಹತ್ತಿರ ಬರುವುದಿಲ್ಲ.

ಕಂದು ಲೋಳೆಗೆ ಹೆದರಬೇಡ. ಎರಡು ದಿನ ದೀಪ ಆರಿಸಿ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸು. ನೊರೆ ತೆಗೆಯುವ ಸ್ಕಿಮ್ಮರ್ ಯಂತ್ರ ಹಗಲು ಮಾತ್ರ ನಡೆಯಲಿ. ಸೆಪ್ಟೆಂಬರ್ ಹೊತ್ತಿಗೆ ನೈಟ್ರೇಟ್ ಏರುತ್ತದೆ. ಏರದಿದ್ದರೆ ಉಪಾಯ ನನ್ನ ಹತ್ತಿರ ಇದೆ.

ಇಲ್ಲಿ ನನ್ನ ಕೋಣೆಯಲ್ಲಿ ಹನ್ನೊಂದು ಜನ. ನಾನು ಹವಳದ ಸುದ್ದಿ ಹೇಳಿದರೆ ಎಲ್ಲರೂ ಕೇಳುತ್ತಾರೆ. ಸಮುದ್ರ ನೋಡಿದವರು ಇಬ್ಬರೇ. ನಿನ್ನ ಪತ್ರ ಬಂತೆಂದರೆ, "ಸಾವಕಾರ್ರ, ಕಂಡಕ್ಟರ್ ಏನಂತಾನ?" ಎಂದು ಕೇಳುತ್ತಾರೆ. ತೊಟ್ಟಿ ಬದುಕಿದ್ದರೆ ನಾನೂ ಬದುಕಿ ಬರುತ್ತೇನೆ ಅನಿಸುತ್ತದೆ. ಹುಚ್ಚು ಎನ್ನು. ಬೇರೆ ಹಿಡಿದುಕೊಳ್ಳಲು ಇಲ್ಲಿ ಏನೂ ಇಲ್ಲ.

ಸತೀಶ


ತಿಕೋಟಾ
22 ಸೆಪ್ಟೆಂಬರ್ 2025

ಇವರಿಗೆ,

ಲೋಳೆ ಹೋಯಿತು. ನೈಟ್ರೇಟ್ ಮೂರಕ್ಕೆ ಬಂದಿದೆ. ಫಾಸ್ಫೇಟ್ ಮಾತ್ರ ಸೊನ್ನೆಯೇ. ಹಸಿರು ಹವಳದ ತುದಿ ಬೆಳ್ಳಗಾಗುತ್ತಿದೆ, ನೇರಳೆಯದು ಬಾಯಿ ತೆರೆಯುವುದಿಲ್ಲ. ಉಪಾಯವಿದ್ದರೆ ಬರೆಯಿರಿ.

ಸಾಕ್ಷಿಯ ದಿನ ನವೆಂಬರ್ ಹದಿನೇಳು. ವಕೀಲರು ಮತ್ತೆ ಬಂದು ನನ್ನ ಬಾಯಿಂದ ಎರಡು ಸಲ ಹೇಳಿಸಿದರು. ಎರಡನೆಯ ಸಲ ತೊದಲದೆ ಹೇಳಿದೆ. ಐಶೂ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವರು ಹೋದ ಮೇಲೆ ಕೇಳಿದಳು, "ಅವ್ವಾ, ನಮ್ಮ ಅಂಗಡ್ಯಾಗ ಡಬ್ಬಿ ಇದ್ದುವಲ್ಲಾ?" ನಾನು ಸಾಲೆಯ ಲೆಕ್ಕ ಬಿಡಿಸು ಎಂದು ಕಳಿಸಿದೆ.

ಕೇಸಿನ ಮಾತು ಬೇಡ ಎಂದಿರಿ. ಬೇಡ. ಆದರೆ ನಿಮ್ಮ ಪತ್ರಗಳನ್ನು ತಿರುಗಿ ಓದಿದೆ. ಸೀಗಡಿಗೆ ಹೆಸರಿದೆ. ಸತ್ತವನ ಹೆಸರು ಎಲ್ಲಿಯೂ ಇಲ್ಲ. ಅವನು ಹತ್ತು ವರ್ಷ ನಮ್ಮ ಗಿರಾಕಿ. ಐಶೂ ಹುಟ್ಟಿದಾಗ ಒಂದು ಬುಟ್ಟಿ ದ್ರಾಕ್ಷಿ ತಂದುಕೊಟ್ಟಿದ್ದ.

ವಿದ್ಯಾವತಿ


ವಿಜಯಪುರ ಜೈಲು
1 ಅಕ್ಟೋಬರ್ 2025

ವಿದ್ಯಾ,

ಹೆಸರು ಬರೆದರೆ ಅವನು ಎದ್ದು ಬರುತ್ತಾನೆಯೇ? ನವೆಂಬರ್ ಹದಿನೇಳು ದಾಟಲಿ. ಆಮೇಲೆ ಎಷ್ಟು ಬೇಕಾದರೂ ಬೈ, ಕುಳಿತು ಬೈಸಿಕೊಳ್ಳುತ್ತೇನೆ.

ಉಪಾಯ ಹೀಗೆ. ಅಡುಗೆಮನೆಯ ಅಟ್ಟದ ಮೇಲೆ ಸುಭಾಷ ಜನವರಿಯಲ್ಲಿ ತಂದಿಟ್ಟ ಸಾಮಾನಿದೆಯಲ್ಲ, ಅದರಲ್ಲಿ ನೀಲಿ ಮುಚ್ಚಳದ ಡಬ್ಬಿ ತೆಗೆ. ಅದರಲ್ಲಿರುವುದು ಝೀರೋ ಬಾವನ್. ದ್ರಾಕ್ಷಿಗೆ ಹನಿ ನೀರಿನಲ್ಲಿ ಬಿಡುತ್ತಾರಲ್ಲ, ಅದೇ ಫಾಸ್ಫೇಟ್ ಗೊಬ್ಬರ. ಪರದೇಶದಲ್ಲಿ ಹವಳ ಸಾಕುವವರೂ ಇದನ್ನೇ ಹಾಕುತ್ತಾರೆ, ಚಂದದ ಬಾಟಲಿಯಲ್ಲಿ ಮಾರುತ್ತಾರೆ ಅಷ್ಟೇ. ಡಬ್ಬಿಯ ಮೇಲೆ ಚೀಟಿ ಇಲ್ಲ, ಬೇಕಾಗಿಯೂ ಇಲ್ಲ. ನೀಲಿ ಎಂದರೆ ಗೊಬ್ಬರ, ಕೆಂಪು ಎಂದರೆ ಹುಳದ ಪುಡಿ. ಹದಿನೈದು ವರ್ಷದಿಂದ ನನ್ನ ಲೆಕ್ಕ ಇದು, ಕಣ್ಣು ಮುಚ್ಚಿ ತೆಗೆಯುತ್ತಿದ್ದೆ. ಕೆಂಪನ್ನು ಮುಟ್ಟಬೇಡ.

ಒಂದು ಚಿಟಿಕೆ ಪುಡಿಯನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸು. ಅದರಲ್ಲಿ ಎರಡು ಚಮಚ ತೊಟ್ಟಿಗೆ ಹಾಕು. ಮಾರನೆಯ ದಿನ ಪರೀಕ್ಷೆ ಮಾಡು. ಏರದಿದ್ದರೆ ಇನ್ನೆರಡು. ಐಶೂಗೆ ಕಲಿಸು, ನನ್ನ ಮಗಳು, ಕೈಗುಣ ಬಂದಿರುತ್ತದೆ. ಗೊಬ್ಬರ ತಾನೆ, ಏನೂ ಆಗುವುದಿಲ್ಲ.

ಸತೀಶ


ವಿಜಯಪುರ ಜೈಲು
27 ಅಕ್ಟೋಬರ್ 2025

ವಿದ್ಯಾ,

ಇಪ್ಪತ್ತಾರು ದಿನವಾಯಿತು, ಒಂದು ಸಾಲಿಲ್ಲ. ದೀಪಾವಳಿಗಾದರೂ ಪತ್ರ ಬರುತ್ತದೆ ಎಂದು ಕಾದೆ. ಕೋಣೆಯವರು ಕಂಡಕ್ಟರನ ಸುದ್ದಿ ಕೇಳುವುದನ್ನೂ ಬಿಟ್ಟರು. ಫಾಸ್ಫೇಟ್ ಏರಿತೇ? ಹಸಿರು ಹವಳ ಬಣ್ಣ ಕಟ್ಟಿರಬೇಕಲ್ಲ ಇಷ್ಟು ಹೊತ್ತಿಗೆ. ಸಿಟ್ಟಿದ್ದರೆ ಸಿಟ್ಟಿನಿಂದಲೇ ಬರಿ. ಐಶೂ ಆರಾಮ ಇದ್ದಾಳೆಯೇ? ಅಷ್ಟಾದರೂ ತಿಳಿಸು.

ಸತೀಶ


ತಿಕೋಟಾ
6 ನವೆಂಬರ್ 2025

ಸತೀಶಕುಮಾರ ಅವರಿಗೆ,

ಐಶೂ ಆರಾಮ ಇದ್ದಾಳೆ. ಅದನ್ನು ಮೊದಲು ಬರೆದೆ. ಉಳಿದದ್ದನ್ನು ಕುಳಿತು ಓದಿರಿ.

ಅಕ್ಟೋಬರ್ ಹನ್ನೊಂದಕ್ಕೆ, ಪೊಲೀಸರ ಕಣ್ಣಿಗೆ ಬೀಳದಂತೆ ಸುಭಾಷ ಅಂಗಡಿಯಿಂದ ತಂದಿಟ್ಟಿದ್ದ ನೀಲಿ ಮುಚ್ಚಳದ ಡಬ್ಬಿ ಇಳಿಸಿದೆ. ಐಶೂ ತಾನೇ ಕಲಸುತ್ತೇನೆ ಎಂದು ಹಟ ಹಿಡಿದಳು. ನೀವೂ ಬರೆದಿದ್ದಿರಿ, ಅವಳಿಗೆ ಕಲಿಸು ಎಂದು. ಮಗ್ಗಿನಲ್ಲಿ ಚಿಟಿಕೆ ಪುಡಿ ಹಾಕಿದಳು. ಚಮಚ ಹುಡುಕುವಷ್ಟರಲ್ಲಿ ಬೆರಳು ಅದ್ದಿ ತಿರುವಿದಳು. ಎರಡು ಚಮಚ ತೊಟ್ಟಿಗೆ ಹಾಕಿ ಅಡುಗೆಮನೆಗೆ ಓಡಿದಳು. ಅಲ್ಲಿ ತಟ್ಟೆಯಲ್ಲಿ ಒಣದ್ರಾಕ್ಷಿ ಇತ್ತು. ನಾನು ಹಿಂದಿನಿಂದ ರಟ್ಟೆ ಹಿಡಿದು ಎಳೆದು, ಮೊಳಕೈತನಕ ಸಾಬೂನು ಹಚ್ಚಿ ತೊಳೆದೆ. ವಿಷ ಎಂದು ತಿಳಿದು ತೊಳೆಯಲಿಲ್ಲ. ಏನು ಮುಟ್ಟಿದರೂ ತೊಳೆಸುವವಳು ನಾನು. ನಿಮ್ಮ ಮಾತಿನಲ್ಲಿ ಹೇಳಬೇಕೆಂದರೆ, ನನ್ನ ಚಟ.

ಸಂಜೆಗೆ ಕಂಡಕ್ಟರ್ ಮರಳಿನ ಮೇಲೆ ಮಲಗಿತ್ತು. ಸೀಗಡಿ ಪೊರೆ ಬಿಡುತ್ತದೆ ಎಂದು ರಿಜ್ವಾನ ಹೇಳಿದ್ದನ್ನು ನೆನೆದು, ಪೊರೆ ಇರಬೇಕು ಎಂದುಕೊಂಡೆ. ಮಾರನೆಯ ದಿನ ಪರೀಕ್ಷೆ ಮಾಡಿದರೆ ಫಾಸ್ಫೇಟ್ ಸೊನ್ನೆ. ಕಡಿಮೆಯಾಗಿದೆ ಎಂದು ನಾಲ್ಕು ಚಮಚ ಹಾಕಿದೆ. ಸಂಜೆಯೊಳಗೆ ಶಂಖದೊಳಗಿನ ಸಣ್ಣ ಏಡಿಗಳೆಲ್ಲ ಹೊರಗೆ ಬಿದ್ದವು. ಕಲ್ಲಿನ ಸಂದಿಯಿಂದ ನಾನು ಎಂದೂ ನೋಡದ ಹುಳಗಳು ನೂರಾರು ತೇಲಿ ಬಂದವು. ಫಾಸ್ಫೇಟ್ ಆಗಲೂ ಸೊನ್ನೆ.

ರಿಜ್ವಾನನನ್ನು ಕರೆಸಿದೆ. ಅವನು ಬಹಳ ಹೊತ್ತು ನೋಡಿದ.

"ವೈನಿ, ಸೀಗಡಿ ಸತ್ತೈತಿ, ಏಡಿ ಸತ್ತಾವ, ಮೀನಿಗೆ ಏನೂ ಆಗಿಲ್ಲ. ಇದು ಗೊಬ್ಬರ ಅಲ್ರಿ. ಹುಳದ ಔಷಧ."

ಅವನು ಹೋದ ಮೇಲೆ ಕೆಂಪು ಮುಚ್ಚಳದ ಡಬ್ಬಿ ಇಳಿಸಿದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಅದರ ಒಂದು ಕಾಳನ್ನು ಬೇರೆ ಲೋಟದ ನೀರಿಗೆ ಹಾಕಿ ಪರೀಕ್ಷೆಯ ಹನಿ ಬಿಟ್ಟೆ. ಕಡು ನೀಲಿ ಬಣ್ಣ ಬಂತು. ಫಾಸ್ಫೇಟ್ ಇದ್ದದ್ದು ಅದರಲ್ಲಿ.

ಒಂದರ ಮುಚ್ಚಳ ಇನ್ನೊಂದಕ್ಕೆ ಬಿದ್ದಿತ್ತು. ಬದಲಿಸಿದವಳು ನಾನು. ಹೋದ ವರ್ಷ ದೀಪಾವಳಿಯಲ್ಲಿ ಅಂಗಡಿಯ ಲಕ್ಷ್ಮೀಪೂಜೆಗೆ ಮುಂಚೆ ಎಲ್ಲ ತೊಳೆದೆನಲ್ಲ, ಡಬ್ಬಿಗಳ ಮುಚ್ಚಳಗಳನ್ನೆಲ್ಲ ಒಂದೇ ಬುಟ್ಟಿಯಲ್ಲಿ ಸುರಿದು ತಿಕ್ಕಿದೆ. ಬಿಸಿಲಿಗೆ ಒಣಗಿಸಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಡಬ್ಬಿಗೆ ತಿರುವಿದೆ. ಎರಡೂ ಒಂದೇ ಅಳತೆ, ಎರಡರಲ್ಲೂ ಬಿಳಿ ಪುಡಿ. ನೀಲಿ ಎಂದರೆ ಗೊಬ್ಬರ ಎಂದು ನನಗೆ ತಿಳಿದದ್ದು ನಿಮ್ಮ ಅಕ್ಟೋಬರ್ ಪತ್ರದಿಂದ. ಹನ್ನೊಂದು ವರ್ಷ ಆ ಅಂಗಡಿ ಗುಡಿಸಿದ್ದೇನೆ, ಒಮ್ಮೆಯೂ ಹೇಳಿರಲಿಲ್ಲ. ಹೊನವಾಡದ ಗುರಣ್ಣ ಡಿಸೆಂಬರಿನಲ್ಲಿ ಬಂದು, ನಿನ್ನ ಪುಡಿಗೆ ಹುಳ ಸಾಯುವುದಿಲ್ಲ, ದಪ್ಪಗಾಗುತ್ತಿವೆ ಎಂದಿದ್ದ ನೆನಪಿದೆಯೇ? ನಾವಿಬ್ಬರೂ ನಕ್ಕಿದ್ದೆವು. ಅವನು ಒಯ್ದದ್ದು ಗೊಬ್ಬರ. ಶಂಕ್ರೆಪ್ಪ ಒಯ್ದದ್ದು ವಿಷ.

ಚೀಟಿ ಹಚ್ಚದವರು ನೀವು. ಮುಚ್ಚಳ ಬದಲಿಸಿದವಳು ನಾನು. ಇಪ್ಪತ್ತೈದು ದಿನ ಈ ಎರಡು ಮಾತು ಬರೆಯಲು ಕೈ ಬರಲಿಲ್ಲ.

ತೊಟ್ಟಿಯ ಸುದ್ದಿ ಕೇಳಿದ್ದಿರಿ. ಸತ್ತದ್ದನ್ನು ನಾನು ತೆಗೆಯಲಿಲ್ಲ, ಕೈ ಹಾಕುವ ಧೈರ್ಯವಾಗಲಿಲ್ಲ. ಎಲ್ಲ ಅಲ್ಲೇ ಕೊಳೆಯಿತು. ನಿನ್ನೆ ಪರೀಕ್ಷೆ ಮಾಡಿದೆ. ನೈಟ್ರೇಟ್ ಎಂಟು. ಫಾಸ್ಫೇಟ್ ನೀವು ಹೇಳಿದಷ್ಟೇ ಇದೆ. ಹಸಿರು ಹವಳ ಬಣ್ಣ ಕಟ್ಟಿದೆ, ನೇರಳೆಯದು ಬಾಯಿ ತೆರೆದಿದೆ. ನಾನು ತೊಟ್ಟಿಗೆ ಬಟ್ಟೆ ಹೊದಿಸಿದ್ದೇನೆ. ನೋಡಲಾಗುವುದಿಲ್ಲ.

ಹದಿನೇಳಕ್ಕೆ ಕಟಕಟೆಯಲ್ಲಿ ಏನು ಹೇಳುತ್ತೇನೆ ಎಂದು ಕೇಳಬೇಡಿ.

ವಿದ್ಯಾವತಿ


ವಿಜಯಪುರ ಜೈಲು
14 ನವೆಂಬರ್ 2025

ವಿದ್ಯಾ,

ನಿನ್ನ ಪತ್ರ ನಿನ್ನೆ ಕೈಗೆ ಬಂತು. ಮೂರು ದಿನ ಆಫೀಸಿನಲ್ಲೇ ಇತ್ತಂತೆ. ಅವರು ಓದಿದ್ದಾರೆ. ಇದನ್ನೂ ಓದಲಿ, ಈಗ ಅದರ ಗೊಡವೆ ನನಗಿಲ್ಲ.

ಐಶೂಳ ಬೆರಳು ಮಗ್ಗಿನಲ್ಲಿತ್ತು ಎಂಬಲ್ಲಿಗೆ ಓದುವುದು ನಿಲ್ಲಿಸಿದೆ. ಮುಂದಿನದನ್ನು ಪಕ್ಕದವನಿಂದ ಓದಿಸಿದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಪೊಲೀಸರಿಗೆ ಹೇಳಿಲ್ಲ, ವಕೀಲರಿಗೂ ಹೇಳಿಲ್ಲ. ಶಂಕ್ರೆಪ್ಪ ಆ ದಿನ ಪುಡಿ ಕಟ್ಟಿಸಿಕೊಂಡು ಹೊರಟವನು ಬಾಗಿಲಿನಿಂದ ತಿರುಗಿ ಬಂದ. ಮೂಸಿ ನೋಡಿ, "ವಾಸನಿ ಬ್ಯಾರೆ ಬರಾಕತ್ತೈತ್ರಿ. ಇದ ಹೌದೇನ್ರಿ?" ಎಂದ. ನಾನು ರಿಜ್ವಾನನ ಜೊತೆ ಫೋನಿನಲ್ಲಿದ್ದೆ. ತೊಟ್ಟಿಯ ನೀರಿನ ಮಾತೇ ನಡೆದಿತ್ತು. ತಲೆ ಎತ್ತಿ ನೋಡಲಿಲ್ಲ.

"ನೀಲಿ ಮುಚ್ಚಳದ್ದ ಐತೋ ಮಾರಾಯಾ, ಒಯ್ಯಿ."

ಅವನು ನನ್ನ ಮಾತು ನಂಬಿ ಒಯ್ದ. ಮುಚ್ಚಳ ಯಾರು ಬದಲಿಸಿದರೇನು, ಅವನು ಕೇಳಿದ್ದ. ನಾನು ಒಮ್ಮೆ ಮೂಸಿ ನೋಡಿದ್ದರೆ ಸಾಕಿತ್ತು. ಅವನ ಹೆಸರು ಬರೆಯಲಿಲ್ಲ ಎಂದೆಯಲ್ಲ, ಬರೆದರೆ ಈ ಮಾತೂ ಬರುತ್ತಿತ್ತು.

ಸೋಮವಾರ ವಕೀಲರು ಕಲಿಸಿದ್ದನ್ನು ಹೇಳಬೇಡ. ಬಿಡಿ ಮಾರುತ್ತಿದ್ದೆವು, ಡಬ್ಬಿ ನಮ್ಮದೇ ಎಂದು ಹೇಳು. ಆದರೆ ಮುಚ್ಚಳ ತೊಳೆದ ಮಾತು ಎತ್ತಬೇಡ. ನಾನೇ ತಪ್ಪಿ ಹಾಕಿದೆ ಎನ್ನುತ್ತೇನೆ. ಐಶೂಗೆ ಒಬ್ಬರಾದರೂ ಹೊರಗೆ ಉಳಿಯಬೇಕು. ಇಷ್ಟು ವರ್ಷ ನಿನಗೆ ಹೇಳಿದ್ದೆಲ್ಲ ಹುಕುಂ. ಇದೊಂದನ್ನು ಬೇಡಿಕೊಳ್ಳುತ್ತಿದ್ದೇನೆ.

ಸತೀಶ


ತಿಕೋಟಾ
20 ನವೆಂಬರ್ 2025

ಇವರಿಗೆ,

ನಿಮ್ಮ ಹದಿನಾಲ್ಕರ ಪತ್ರ ನಿನ್ನೆ, ಹತ್ತೊಂಬತ್ತಕ್ಕೆ ಬಂತು. ಹದಿನೇಳಕ್ಕೆ ನಾನು ಎಲ್ಲ ಹೇಳಿಯಾಗಿತ್ತು. ಮುಚ್ಚಳದ್ದನ್ನೂ ಹೇಳಿದೆ. ನೀವು ಅಲ್ಲೇ ನಿಂತು ಕೇಳಿದಿರಿ. ನಿಮ್ಮ ಪತ್ರ ಮೊದಲೇ ಬಂದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ನನಗೆ ತಿಳಿಯದು. ಹೇಳುತ್ತಿದ್ದೆ ಎಂದು ಬರೆದರೆ ಇನ್ನೊಂದು ಸುಳ್ಳಾದೀತು.

ಪೊಲೀಸರು ಮನೆಗೆ ಬಂದು ಎರಡೂ ಡಬ್ಬಿ ಒಯ್ದರು. ನನ್ನನ್ನು ಮುಂದಿನ ವಾರ ಮತ್ತೆ ಕರೆಯುತ್ತಾರಂತೆ. ನನ್ನ ಮೇಲೂ ಕೇಸು ಆಗಬಹುದು ಎಂದು ವಕೀಲರು ಹೇಳಿದರು, ಆಮೇಲೆ ನಮ್ಮ ಕೇಸು ನಡೆಸುವುದಿಲ್ಲ ಎಂದೂ ಹೇಳಿದರು. ಸುಭಾಷ ಮನೆಗೆ ಬರುವುದನ್ನು ಬಿಟ್ಟಿದ್ದಾನೆ. ನನ್ನನ್ನು ಒಳಗೆ ಹಾಕಿದರೆ ಐಶೂಳನ್ನು ಬಬಲೇಶ್ವರಕ್ಕೆ ಕಳಿಸುತ್ತೇನೆ, ಅವ್ವನಿಗೆ ಹೇಳಿಟ್ಟಿದ್ದೇನೆ. ತೊಟ್ಟಿಯನ್ನು ರಿಜ್ವಾನ ಬಂದು ಬರಿದು ಮಾಡಿದ. ಮೀನು ಒಯ್ದ. ಹವಳ ಬೇಡ ಎಂದ, ಆ ನೀರಿನಲ್ಲಿ ಇದ್ದದ್ದನ್ನು ಇನ್ನೊಂದು ತೊಟ್ಟಿಗೆ ಹಾಕಲು ಬರುವುದಿಲ್ಲವಂತೆ.

ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಗುರುಬಸವ್ವ ಕುಳಿತಿದ್ದಳು. ಈ ಸಲ ನಾನೇ ಹೋಗಿ ಪಕ್ಕದಲ್ಲಿ ಕುಳಿತೆ. ಕಾಲು ಹಿಡಿಯಲು ಬಗ್ಗಿದರೆ ಹಿಂದೆ ಸರಿದಳು. ಒಳಗೆ ನಾನು ಹೇಳಿದ್ದನ್ನೆಲ್ಲ ಅವಳು ಕೇಳಿದ್ದಳು, ಐಶೂಳ ಕೈ ತೊಳೆದದ್ದನ್ನೂ. ಆಮೇಲೆ ಒಂದೇ ಮಾತು ಆಡಿದಳು.

"ನಿಮ್ಮ ಮಗಳಿಗೆ ಕೈ ತೊಳ್ಸಾಕ ನೀವು ಇದ್ರಿ ಅಕ್ಕಾರ. ಅವತ್ತ ನಾ ತ್ವಾಟದಾಗ ಇರಲಿಲ್ಲ."

ವಾಸನೆ ಬಂದು ಅವನು ತಿರುಗಿ ಬಂದು ಕೇಳಿದ್ದ ಸಂಗತಿ ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಾಳೆ ಬಿಜ್ಜರಗಿಯ ಬಸ್ಸು ಹತ್ತಿ ಅವಳ ಮನೆಗೆ ಹೋಗಿ, ನಿಮ್ಮ ಪತ್ರ ಓದಿ ಹೇಳುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ಆಮೇಲೆ ಅದನ್ನು ಅವಳ ಕೈಯಲ್ಲಿ ಕೊಟ್ಟು ಬರುತ್ತೇನೆ. ಯಾರಿಗೆ ತೋರಿಸಬೇಕೋ ಅವಳು ತೋರಿಸಲಿ.

ಮುಂದಿನ ಗುರುವಾರ ಭೇಟಿಗೆ ಬರುತ್ತೇನೆ. ಜಾಳಿಗೆಯ ಹತ್ತಿರ ಗದ್ದಲವಿರುತ್ತದೆ, ಇರಲಿ. ನಾವು ಹೇಳುವುದು ಇನ್ನು ಏನೂ ಉಳಿದಿಲ್ಲ.

ವಿದ್ಯಾವತಿ